ಜಡ್ಜಮ್ಮನ ಕಲ್ಲಂಗಡಿ ತೀರ್ಪು

ಆ ಮಾರ್ಕೆಟ್ ಬೀದಿಯಲ್ಲಿ ಪ್ರತಿ ಹಣ್ಣಿಗೂ ಎರಡು ಬೆಲೆ: ಜಡ್ಜಮ್ಮ ಬರುವ ಮೊದಲಿನದು, ಬಂದ ಮೇಲಿನದು. ಆಕೆ ಕೋರ್ಟಿನ ಮೆಟ್ಟಿಲು ತುಳಿದವಳಲ್ಲ. ಬೆರಳು ಮಡಚಿ ಕಲ್ಲಂಗಡಿಯ ನೆತ್ತಿಗೆ ಟಕ್ಕೆಂದು ಬಡಿದು, ಕಿವಿಗೊಟ್ಟು, "ಎಳಸು" ಎಂದಳೋ, ಆ ರಾಶಿಯ ಬೆಲೆ ಅಲ್ಲೇ ಮಕಾಡೆ ಮಲಗುತ್ತಿತ್ತು. ಕೈಯಲ್ಲಿ ಕಾಸು ಕಮ್ಮಿಯಿದ್ದ ಹೆಂಗಸರೆಲ್ಲ ದಂಡು ಕಟ್ಟಿಕೊಂಡು ಅವಳ ಬೆನ್ನಿಗೆ ಬರುತ್ತಿದ್ದರು. ದಂಡಿನ ಬಾಲದಲ್ಲಿ, ಎರಡು ಚೀಲ ಹೊತ್ತ ಸೊಸೆ.

ಇಷ್ಟೆಲ್ಲ ವೈಭವದ ನಡುವೆ ಒಂದು ಸಣ್ಣ ಸಂಗತಿ ಗುಟ್ಟಾಗಿತ್ತು. ಜಡ್ಜಮ್ಮನ ಕಿವಿ ಈಚೆಗೆ ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು. ಕೂಗಾಟ ಒಳಗೆ ಬರುತ್ತಿತ್ತು. ಸಣ್ಣ ಸದ್ದು ಬಾಗಿಲಿನಿಂದಲೇ ವಾಪಸ್. ಬೀದಿಯಲ್ಲಿ ಎಲ್ಲರೂ ಕೂಗುವವರೇ ಆದ್ದರಿಂದ ಹೇಗೋ ನಡೆದಿತ್ತು. ಕಳೆದ ವಾರ ಮಾತ್ರ, ಹಣ್ಣೆಂದು ಸಾರಿ ತಂದದ್ದು ಕೊಯ್ದಾಗ ಬೆಳ್ಳಗೆ ಹಲ್ಲುಕಿರಿಯಿತು. ಸೊಸೆ ಅದನ್ನು ಹೆಚ್ಚಿ ಪಲ್ಯಕ್ಕೆಂದು ಒಲೆಗೇರಿಸಿದಳು. ಆದರೆ ಮಾರಿದವನಿಗೆ ಗೊತ್ತಿರುವುದಿಲ್ಲವೇ? ಅಂದಿನಿಂದ ಹಣ್ಣಿನಂಗಡಿಯ ಹುರಿಮೀಸೆಯವನು ಮೀಸೆ ತೀಡುತ್ತಲೇ ಇದ್ದ.

ಇಂದು ಅವನು ಎರಡು ಕಲ್ಲಂಗಡಿ ಮುಂದಿಟ್ಟ. "ಅಮ್ಮೋರೇ, ಒಂದು ಹಣ್ಣು, ಒಂದು ಎಳಸು. ಸರಿಯಾಗಿ ಹೇಳಿದ್ರೆ ಸೀಸನ್ ಪೂರ್ತಿ ನೀವು ಹೇಳಿದ್ದೇ ರೇಟು. ತಪ್ಪಿದ್ರೆ ನಾನು ಹೇಳಿದ್ದೇ ರೇಟು. ಯಾರೂ ಪಿಟಿಕ್ ಅನ್ನೋ ಹಾಗಿಲ್ಲ!"

"ಬಡಿಸ್ಕೊಳ್ಳೋಕೆ ಹಣ್ಣು ಸಾಕಾ, ನೀನೂ ತಲೆ ಕೊಡ್ತೀಯಾ?" ಎಂದಳು ಜಡ್ಜಮ್ಮ.

ದಂಡು ಗೊಳ್ಳೆಂದಿತು. ಅವಳು ಒಂದಕ್ಕೆ ಬಡಿದಳು. ಹತ್ತಿಯ ಹಾಸಿಗೆಗೆ ಬಡಿದ ಹಾಗಾಯಿತು. ಇನ್ನೊಂದಕ್ಕೆ ಬಡಿದಳು. ಅದೂ ಹಾಸಿಗೆಯೇ. ಕಣ್ಣುಮುಚ್ಚಿ ಒಂದನ್ನು ತೋರಿಸಿಬಿಡಲೇ? ಪಕ್ಕದಲ್ಲಿ ದಂಡಿನ ಹೊಲಿಗೆಯವಳೊಬ್ಬಳು ಕಾಸು ಕಟ್ಟಿದ ಸೆರಗಿನ ಗಂಟನ್ನು ಬಿಗಿಹಿಡಿದು ನಿಂತಿದ್ದಳು. ಅವಳ ಮಕ್ಕಳು ಹಣ್ಣಿನ ರುಚಿ ಕಾಣುವುದೇ ಈ ಬೆರಳಿನ ದಯೆಯಿಂದ.

ಜಡ್ಜಮ್ಮ ಸೊಂಟಕ್ಕೆ ಕೈಯಿಟ್ಟಳು. "ಇಷ್ಟಕ್ಕೆಲ್ಲ ನಾನು ಬೇಕೇನೋ? ನನ್ನ ಸೊಸೆ ಸಾಕು. ಬಾರೇ ಇಲ್ಲಿ!"

ಹೇಳಿದ ಮೇಲೆ ನೆನಪಾಯಿತು. ಸೌತೆಕಾಯಿ ಆರಿಸಲೂ ಬಾರದವಳು ಎಂದು ಇದೇ ಬೀದಿಯಲ್ಲಿ ತಾನೇ ಅವಳ ಮಾನ ಕಳೆದದ್ದು ಒಂದೆರಡು ಸಲವೇ? ಈಗ ಸೊಸೆ ಬೇಕೆಂದೇ ತಪ್ಪು ಹೇಳಿದರೆ ತಿಂದ ಬೈಗುಳವೆಲ್ಲ ಬಡ್ಡಿ ಸಮೇತ ತೀರುತ್ತದೆ.

ಸೊಸೆ ಚೀಲ ಕೆಳಗಿಟ್ಟಳು. ಒಂದಕ್ಕೆ ಬಡಿದು ಕಿವಿಯಿಟ್ಟಳು. ಇನ್ನೊಂದಕ್ಕೂ. ಆಮೇಲೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿ ಎಂದಿನ ಅಪ್ಪಣೆ ಇರಲಿಲ್ಲ. ಬೇಡಿ ಅಭ್ಯಾಸವಿಲ್ಲದವರ ಬೇಡಿಕೆಯಿತ್ತು.

"ಎಡಗಡೇದು ಹಣ್ಣು," ಎಂದಳು ಸೊಸೆ.

ಹುರಿಮೀಸೆ ಚಾಕು ಎತ್ತಿದ. ಕಾಯಿ ಎರಡು ಹೋಳಾಯಿತು.

ಕೆಂಪು! ಕೆಂಡದಂಥ ಕೆಂಪು!

ದಂಡಿನ ಕೇಕೆ ಜಡ್ಜಮ್ಮನ ಕಿವಿಗೂ ನುಗ್ಗಿತು. "ನಾನು ಕಲಿಸಿದ್ದು!" ಎಂದು ಅವಳು ಬೀಗಿದಳು. "ರೇಟು ಬರ್ಕೊಳ್ಳೋ, ಮೀಸೆ ಆಮೇಲೆ ತೀಡ್ಕೋ!"

ಮನೆದಾರಿಯಲ್ಲಿ ಸೊಸೆ ಏನೋ ಅಂದಳು. ಬೇರೆ ದಿನವಾಗಿದ್ದರೆ ಜಡ್ಜಮ್ಮ "ಹೂಂ, ಗೊತ್ತು" ಎಂದು ಮುಂದೆ ನಡೆಯುತ್ತಿದ್ದಳು. ಇಂದು ನಿಂತಳು. ಸೊಸೆಯ ಕೈಯಿಂದ ಒಂದು ಚೀಲ ಕಿತ್ತುಕೊಂಡಳು.

"ಏನಂದೆ? ಕೇಳಿಸ್ಲಿಲ್ಲ."

"ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ ಅಂದೆ, ಅತ್ತೇ!"

"ಮೆಲ್ಲಗೆ ಕೂಗೇ, ಬೀದಿಗೆಲ್ಲ ಕೇಳತ್ತೆ." ಜಡ್ಜಮ್ಮ ಹಿಂದೆ ಮುಂದೆ ನೋಡಿದಳು. "ಹೋಗೋಣ. ಆದ್ರೆ ಫೀಸಿನ ಮಾತು ನಾನೇ ಆಡೋದು."