ಆಯುಧ ಪೂಜೆಗೆ ಬಿಡುವು ಪಡೆದ ಪೆಟ್ಟಿಗೆಗಳು

ರಾಯಚೂರಿನಲ್ಲಿ ನಾನೂ ನನ್ನ ಅಣ್ಣನೂ ಸಣ್ಣದೊಂದು ಕ್ಲೌಡ್ ಸೇವೆ ನಡೆಸುತ್ತೇವೆ. ಮಾನ್ವಿಯ ಸ್ಕ್ಯಾನಿಂಗ್ ಸೆಂಟರಿನ ಚಿತ್ರಗಳನ್ನು ದೇವದುರ್ಗದ ಆಸ್ಪತ್ರೆಯವರು ನಮ್ಮ ಮೂಲಕವೇ ನೋಡುತ್ತಾರೆ. ಮೊದಲು ಕೆಲಸ ಮಾಡುವ ಸರ್ವರ್ ಒಂದು ಕಡೆ, ಕಡತ ಕಾಯುವ ಸ್ಟೋರೇಜ್ ಇನ್ನೊಂದು ಕಡೆ ಇದ್ದವು. ಸ್ಟೋರೇಜ್ ಮುನಿಸಿಕೊಂಡಿತೆಂದರೆ ಎಲ್ಲವೂ ಬಂದ್. ಆ ಉಸಾಬರಿಯೇ ಬೇಡವೆಂದು ಹೈಪರ್ ಕನ್ವರ್ಜ್ಡ್ ಎನ್ನುವ ಮೂರು ಪೆಟ್ಟಿಗೆ ತಂದೆವು. ಪ್ರತಿಯೊಂದೂ ಕೆಲಸವನ್ನೂ ಮಾಡುತ್ತದೆ, ಕಡತವನ್ನೂ ಕಾಯುತ್ತದೆ. ಪ್ರತಿ ಕಡತ ಎರಡು ಪೆಟ್ಟಿಗೆಗಳಲ್ಲಿರುವುದರಿಂದ ಒಂದು ನಿಂತರೂ ಉಳಿದವು ಸಂಭಾಳಿಸುತ್ತವೆ.

ಇದನ್ನು ಕೇಳಿ ನಮಗಿಂತ ಹೆಚ್ಚು ಹಿಗ್ಗಿದವಳು ಅವ್ವ. ನಮ್ಮೂರು ಗುಂಜಹಳ್ಳಿಯಲ್ಲಿ ಆಯುಧ ಪೂಜೆಯ ದಿನ ತೊಳೆದಿಟ್ಟ ಕುಡುಗೋಲನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಯಂತ್ರಗಳು ಮಾತ್ರ ಹೂ ಮುಡಿದುಕೊಂಡೇ ದುಡಿಯುವುದು ಅವಳಿಗೆ ವರ್ಷವರ್ಷವೂ ಸಂಕಟ. ಈ ಸಲ ಒಂದೊಂದನ್ನೇ ಬಂದ್ ಮಾಡಿ ಪೂಜಿಸಬಹುದು ಎಂದೆ.

ಮೊದಲನೆಯದಕ್ಕೆ ವಿಭೂತಿ, ಕುಂಕುಮವಾದ ಮೇಲೆ ಮತ್ತೆ ಚಾಲೂ ಮಾಡಿದೆ. ಬಿಡುವಿನಲ್ಲಿದ್ದಾಗ ಬಂದ ಹೊಸ ಕಡತಗಳಲ್ಲಿ ಅದರ ಪಾಲಿನ ಕೆಲವು ಎರಡನೆಯದರಲ್ಲಿ ಮಾತ್ರ ಇದ್ದವು. ಅವು ಮೊದಲನೆಯದಕ್ಕೆ ನಕಲಾಗುವವರೆಗೆ ಎರಡನೆಯದನ್ನು ಮುಟ್ಟಬೇಡ ಎಂದು ಅಣ್ಣನಿಗೆ ಹೇಳಿ ಹೂ ತರಲು ಹೋದೆ. ಅಣ್ಣನಿಗೆ ಪಂಚಾಂಗವೆಂದರೆ ಪ್ರಾಣ. ರಾಹುಕಾಲ ಬಂದೀತೆಂಬ ಗಡಿಬಿಡಿಯಲ್ಲಿ, ನಕಲು ಮುಗಿದಿರುತ್ತದೆಂದುಕೊಂಡು, ಎರಡನೆಯದನ್ನೂ ಬಂದ್ ಮಾಡಿ ಕುಂಕುಮ ಹಚ್ಚಿಬಿಟ್ಟಿದ್ದ.

ನಾನು ಒಳಗೆ ಕಾಲಿಡುವಾಗಲೇ ದೇವದುರ್ಗದ ಡಾಕ್ಟರಮ್ಮನ ಫೋನು. "ಮುಂಜಾನಿ ಮಾನ್ವಿಯಾಗ ತಗದ ಸ್ಕ್ಯಾನ್ ತೆರಿವಲ್ದು ನೋಡ್ರಿ. ಬಸುರಿಗೆ ಬ್ಯಾನಿ ಸುರು ಆಗ್ಯಾವ. ಹೆರಿಗಿ ಇಲ್ಲೇ ಮಾಡ್ಲೊ, ರಾಯಚೂರಿಗೆ ಕಳಿಸ್ಲೊ, ಅದನ್ನ ನೋಡೇ ಹೇಳ್ಬೇಕು."

ಆ ಸ್ಕ್ಯಾನ್ ಇದ್ದದ್ದು ಎರಡನೆಯದರಲ್ಲಿ ಮಾತ್ರ. "ರಾಹು ಅಲ್ಲೋ ಅಣ್ಣಾ, ನೀನ ಹಿಡದೀ ನೋಡು ನಮಗ!" ಎಂದು ಹರಿಹಾಯ್ದು ಎರಡನೆಯದನ್ನು ಚಾಲೂ ಮಾಡಿದೆ. ಅದು ಏಳುವಷ್ಟರಲ್ಲಿ ಅಣ್ಣನ ಮುಖ ನೋಡಿ ನನಗೇ ಪಾಪ ಅನ್ನಿಸಿತು.

ಕೊನೆಗೆ ಸ್ಕ್ಯಾನ್ ತೆರೆಯಿತು. "ಮಾಸು ಕೂಸಿನ ದಾರಿಗೆ ಅಡ್ಡ ಅದ. ಆಪರೇಷನ್ನೇ ಆಗ್ಬೇಕು. ಕಳಿಸಾಕತ್ತೀನ್ರಿ" ಎಂದು ಡಾಕ್ಟರಮ್ಮ ಫೋನಿಟ್ಟರು.

ಮಧ್ಯಾಹ್ನದ ಹೊತ್ತಿಗೆ ನಕಲೆಲ್ಲ ಮುಗಿಯಿತು. ಪೂಜೆಗೆ ಮೂರನೆಯ ಪೆಟ್ಟಿಗೆಯೊಂದು ಉಳಿದಿತ್ತು. ಈಗ ಬಂದ್ ಮಾಡಿದರೆ ಏನೂ ಆಗುವುದಿಲ್ಲ ಎಂದೆ. ಅವ್ವ ನನ್ನ ಕೈ ಹಿಡಿದು ತಡೆದಳು.

"ಬ್ಯಾಡ ಬೇ. ಅದು ದುಡೀಲಿ. ಹಡಿಯಾಕಿಗೆ ಇವತ್ತ ಯಾರರ ಸೂಟಿ ಕೊಟ್ಟಾರೇನು?"

ಸಂಜೆ ಡಾಕ್ಟರಮ್ಮನ ಫೋನು ಬಂತು. ಹೆಣ್ಣುಕೂಸು, ತಾಯಿ ಹುಷಾರಾಗಿದ್ದಾಳೆ. ನಾನು ಅವ್ವನ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ.