ಮಗಳಿಗೊಂದು ಹೈಸ್ಕೂಲು, ನನಗೊಂದು ಇಂಟರ್‌ವ್ಯೂ

ಮಗಳು ಏಳನೇ ಕ್ಲಾಸು ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ಎರಡು ಪಾರ್ಟಿಗಳಾದವು. ತೊಂಬತ್ತರ ದಶಕದ ಕೊನೆ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ಕ್ವಾರ್ಟರ್ಸ್ ಮನೆ. ನಾನು ಶಿವಮೊಗ್ಗದ ಒಂದು ದೊಡ್ಡ ಪ್ರೈವೇಟ್ ಹೈಸ್ಕೂಲಿನ ಪರ. ಅಲ್ಲಿ ಯೂನಿಫಾರ್ಮಿಗೆ ಟೈ ಇತ್ತು, ಬೀರು ತುಂಬ ಸ್ಟೋರಿ ಬುಕ್ಸ್ ಇದ್ದವು, ಕಾರಿಡಾರಿನಲ್ಲಿ ನಾನು ಓದಿದ ಕಾನ್ವೆಂಟಿನದೇ ವಾಸನೆ ಇತ್ತು, ಫಿನೈಲು ಮತ್ತು ಚಾಕ್ ಪೌಡರು ಬೆರೆತದ್ದು. ಮಗಳು ನಮ್ಮ ಬೀದಿಯ ಕೊನೆಯ ಪುಟ್ಟ ಪ್ರೈವೇಟ್ ಹೈಸ್ಕೂಲಿನ ಪರ. ಅವಳ ಗೆಳತಿಯರೆಲ್ಲ ಅಲ್ಲಿಗೇ ಸೇರುತ್ತಿದ್ದರು. ಯಜಮಾನರು ಯಾವ ಪಾರ್ಟಿಗೂ ಸೇರದೆ ಫ್ಯಾಕ್ಟರಿಯಿಂದ ಬಂದು ಮಲಗುತ್ತಿದ್ದರು.

ಶಿವಮೊಗ್ಗದವರು ಅಪ್ಪ ಅಮ್ಮಂದಿರಿಗೂ ಇಂಟರ್‌ವ್ಯೂ ಮಾಡುತ್ತಾರೆ, ಇಂಗ್ಲಿಷ್ ಬರದಿದ್ದರೆ ಸೀಟು ಕಷ್ಟ ಎಂದು ಅಕ್ಕಪಕ್ಕದವರು ಹೆದರಿಸಿದರು. ನನಗೆ ಹೆದರಿಕೆಯ ಬದಲು ಖುಷಿಯಾಯಿತು. ಮದುವೆಯಾದ ಮೇಲೆ ನನ್ನ ಇಂಗ್ಲಿಷನ್ನು ಯಾರು ಕೇಳಿದ್ದರು? ಗ್ಯಾಸ್ ಏಜೆನ್ಸಿಗೆ ಒಂದು ಕಂಪ್ಲೇಂಟ್ ಲೆಟರ್ ಬರೆದಿದ್ದೆ, ಅಷ್ಟೇ. ಯಜಮಾನರಿಗೆ ಒಂದು ವಾರ ಕೋಚಿಂಗ್ ಕೊಟ್ಟೆ.

"ವೀ ಬಿಲೀವ್ ಇನ್ ಆಲ್‌ರೌಂಡ್ ಡೆವಲಪ್‌ಮೆಂಟ್, ಅನ್ನಿ."

"ಹೆಸರು ಕೇಳಿದ್ರೂ ಇದನ್ನೇ ಅನ್ಲಾ?"

"ರೀ, ಮೊದಲು ಹೆಸರು ಹೇಳಿ. ಆಮೇಲೆ ಇದು."

"ಸೀಟು ನಿಂಗಾ, ಅವಳಿಗಾ, ಮಾರಾಯ್ತಿ?"

ಇಂಟರ್‌ವ್ಯೂ ದಿನ ಮೂವರೂ ಹೆಡ್‌ಮಿಸ್ಟ್ರೆಸ್ ರೂಮಿನಲ್ಲಿ ಕೂತಿದ್ದೆವು. ಬಾಗಿಲು ತೆರೆಯಿತು; ಗಂಜಿ ಹಾಕಿದ ಕಾಟನ್ ಸೀರೆಯುಟ್ಟ ಎತ್ತರದ ಹೆಂಗಸು ಒಳಗೆ ಬಂದರು. ನನ್ನ ಮಂಡಿಗಳು ನನ್ನನ್ನು ಕೇಳಲೇ ಇಲ್ಲ. ಎದ್ದು ನಿಂತೆ, ಕೈ ಹಿಂದಕ್ಕೆ ಕಟ್ಟಿದೆ. ಹತ್ತು ವರ್ಷ ಕಾನ್ವೆಂಟಿನ ಸಿಸ್ಟರುಗಳಿಗೆ ದಿನಾ ಬೆಳಿಗ್ಗೆ ಕ್ಲಾಸಿಗೆ ಕ್ಲಾಸೇ ಎಳೆದು ಹಾಡುತ್ತಿದ್ದ ರಾಗದಲ್ಲಿ "ಗುಡ್ ಮಾ...ರ್ನಿಂಗ್, ಸಿಸ್ಟರ್" ಎಂದೆ.

ಇದೂ ಕೋಚಿಂಗಿನ ಭಾಗ, ಹೇಳಿಕೊಡಲು ನಾನು ಮರೆತಿದ್ದೇನೆ ಎಂದುಕೊಂಡ ಯಜಮಾನರು ತಾವೂ ಎದ್ದು ಕೈಕಟ್ಟಿ ಅದೇ ರಾಗದಲ್ಲಿ ಹಾಡಿದರು. ಕೊರಳಲ್ಲಿ ತಾಳಿಯಿದ್ದ ಆ ಹೆಡ್‌ಮಿಸ್ಟ್ರೆಸ್ ಇಬ್ಬರನ್ನೂ ನೋಡಿದರು. ಮಗಳು ಫ್ಯಾನ್ ನೋಡಿದಳು.

"ಕೂತ್ಕೊಳ್ಳಿ" ಎನ್ನುವವರೆಗೂ ನಾವು ಕೂರಲಿಲ್ಲ.

ಅವರು ಮಗಳನ್ನು ಇಂಗ್ಲಿಷಿನಲ್ಲಿ ಹಾಬಿ ಏನೆಂದು ಕೇಳಿದರು. ರೀಡಿಂಗ್ ಎಂದೆ, ನಾನು. ಯಾವ ಸಬ್ಜೆಕ್ಟ್ ಇಷ್ಟ ಎಂದು ಕೇಳಿದರು. ಅದಕ್ಕೂ ನಾನೇ, ಪೂರ್ತಿ ಒಂದು ಪ್ಯಾರಾಗ್ರಾಫ್. ಅವರು ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಬಂದರು.

"ನೀವು ಎಷ್ಟನೇ ಕ್ಲಾಸಿಗೆ ಸೇರ್ಬೇಕು ಅಂತಿದೀರಮ್ಮ?" ಎಂದು ನನ್ನನ್ನು ಕೇಳಿ, ಮಗಳ ಕಡೆ ತಿರುಗಿದರು. "ನೀನು ಹೇಳು ಪುಟ್ಟಿ, ಈ ಸ್ಕೂಲು ಇಷ್ಟ ಆಯ್ತಾ?"

"ಅಮ್ಮಂಗೆ ತುಂಬಾ ಇಷ್ಟ, ಮಿಸ್." ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

"ಸೀಟು ಕೊಡ್ತೀನಿ. ಆದ್ರೆ ಸೋಮವಾರದ ತನಕ ಮನೇಲಿ ಕೂತು ಮಾತಾಡಿ" ಎಂದರು ಅವರು. ಯಜಮಾನರು ಆಗ, ಕಲಿತದ್ದು ವ್ಯರ್ಥವಾಗಬಾರದೆಂದು, "ವೀ ಬಿಲೀವ್ ಇನ್ ಆಲ್‌ರೌಂಡ್ ಡೆವಲಪ್‌ಮೆಂಟ್" ಎಂದು ಹೇಳಿ ಎದ್ದರು.

ವಾಪಸ್ ಬಸ್ಸಿನಲ್ಲಿ ಮಗಳನ್ನು ಕೇಳಿದೆ. "ನಿಜ ಹೇಳು, ಇಲ್ಲಿಗೆ ಬರ್ತೀಯಾ?"

"ನೀನು ಹೇಳಿದ್ರೆ ಬರ್ತೀನಮ್ಮ."

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಆ ಹತ್ತು ವರ್ಷವೂ ನಾನು "ಯೆಸ್, ಸಿಸ್ಟರ್" ಎಂದದ್ದು ಅದೇ ದನಿಯಲ್ಲಿ. ಭದ್ರಾವತಿ ಬರುವವರೆಗೂ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ಕೂತೆ. ಯಜಮಾನರು ಅದನ್ನು ತಲೆನೋವು ಎಂದು ತಿಳಿದು ಕಿಟಕಿ ಮುಚ್ಚಿದರು.

ಸೋಮವಾರ ಬೀದಿಯ ಕೊನೆಗೆ ನಡೆದುಹೋಗಿ ಅಲ್ಲಿಯ ಫಾರಂ ತಂದೆ. ಅಲ್ಲಿ ಇಂಟರ್‌ವ್ಯೂ ಏನೂ ಇರಲಿಲ್ಲ. "ಊಟಕ್ಕೆ ಮನೆಗೆ ಹೋಗ್ತಾಳಾ, ಡಬ್ಬಿ ತರ್ತಾಳಾ?" ಎಂದಷ್ಟೇ ಕ್ಲರ್ಕ್ ಕೇಳಿದ. ಮನೆಗೆ ಬರುತ್ತಾಳೆ ಎಂದೆ. ಟೈ ಇಲ್ಲದಿದ್ದರೇನು, ಮಧ್ಯಾಹ್ನದ ಊಟಕ್ಕಾದರೂ ಮಗಳು ಎದುರಿಗಿರುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ.

ಬಂದದ್ದು ಒಂದೇ ವಾರ. ಆಮೇಲೆ ಮೂರು ವರ್ಷವೂ ಅವಳು ಹಿಂದಿನ ಬೀದಿಯ ತಮಿಳು ಗೆಳತಿಯ ಮನೆಯಲ್ಲಿ ರಸಂ ಅನ್ನ ಉಂಡಳು. ಯಾಕೆ ಎಂದು ಒಮ್ಮೆ ಕೇಳಿದೆ.

"ಅವರಮ್ಮ ಬರೀ ಬಡಿಸ್ತಾರಮ್ಮ" ಎಂದಳು. "ಇವತ್ತು ಇಂಗ್ಲಿಷ್ ಪೀರಿಯಡ್‌ನಲ್ಲಿ ಏನು ಮಾಡಿದ್ರು ಅಂತ ಕೇಳಲ್ಲ."