ನಾಲ್ಕು ಮೂಲೆಯ ನಂಬಿಕೆ

ಪತ್ರಿಕಾ ಕಚೇರಿಯಲ್ಲಿ ಆಕೆಯ ಅಡ್ಡಹೆಸರು ಚೌಕಾಸಿ. ತರಕಾರಿಯವಳ ಹತ್ತಿರ ಆಕೆ ಒಂದು ದಿನವೂ ಚೌಕಾಸಿ ಮಾಡಿದವಳಲ್ಲ. ಆಕೆಯ ಜಗಳವೆಲ್ಲ ಸುಡೊಕುವಿನ ಚೌಕಗಳ ಜೊತೆಗೆ. ನಾಳೆ ಅಚ್ಚಾಗುವ ಸುಡೊಕುವನ್ನು ಇವತ್ತೇ ಬಿಡಿಸಿ, ಅದಕ್ಕೆ ಒಂದೇ ಉತ್ತರವಿದೆಯೆಂದು ಖಚಿತಪಡಿಸಿ ಸಹಿ ಹಾಕುವುದು ಆಕೆಯ ಕೆಲಸ. ಕಿಟಕಿ ಪಕ್ಕದ ಕುರ್ಚಿ, ಚೂಪು ಪೆನ್ಸಿಲ್, ಅದಕ್ಕಿಂತ ಚೂಪು ನಾಲಿಗೆ. ರಬ್ಬರ್ ಮಾತ್ರ ಇಟ್ಟುಕೊಂಡಿರಲಿಲ್ಲ. ಅದು ಊಹೆ ಮಾಡುವವರಿಗೆ ಬೇಕಾದ ಸಾಮಾನು ಎನ್ನುತ್ತಿದ್ದಳು.

ಎದುರು ಮೇಜಿನಲ್ಲಿ ಪುಟ ಜೋಡಿಸುವ ನಾದಿನಿ. ಒಂದೇ ಸೂರಿನಡಿ ಕಾದಾಡಿದ್ದು ಸಾಲದೆಂದು ಒಂದೇ ಕಚೇರಿ ಬೇರೆ. ಸುಡೊಕುವಿನಲ್ಲಾದರೆ ಒಂದು ಮನೆಗೆ ಒಂದೇ ಅಂಕಿ. ಇವರ ಮನೆಗೆ ಆ ಭಾಗ್ಯವಿರಲಿಲ್ಲ.

"ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಂಪ್ಯೂಟರ್ ನೋಡಿ ಹೇಳತ್ತೆ. ಅತ್ತಿಗೆಗೆ ಕುರ್ಚಿ ಯಾಕೆ ದಂಡಕ್ಕೆ?" ಎಂದು ನಾದಿನಿ ಸಂಪಾದಕರ ಕಿವಿ ಊದುತ್ತಲೇ ಇದ್ದಳು. ಕೊನೆಗೆ ಅವರಿಗೂ ರೋಸಿಹೋಯಿತು. ಇಬ್ಬರನ್ನೂ ಕರೆದು, "ನೀನೇ ಒಂದು ಸುಡೊಕು ಮಾಡಮ್ಮ. ಒಂದೇ ಉತ್ತರ ಇರೋದೋ ಇಲ್ದಿರೋದೋ, ನಿನ್ನಿಷ್ಟ. ನಿಮ್ಮತ್ತಿಗೆ ಸರಿಯಾಗಿ ಹೇಳಿದ್ರೆ ಕುರ್ಚಿ ಅವರದ್ದು. ಇಲ್ದಿದ್ರೆ ನಿನ್ನದು, ಕಂಪ್ಯೂಟರ್ ಸಮೇತ" ಎಂದರು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಕಚೇರಿಯೆಲ್ಲ ಆಕೆಯ ಮೇಜಿನ ಸುತ್ತ ನೆರೆಯಿತು.

"ಬೆವರ್ತಿದ್ದೀರಲ್ಲ ಅತ್ತಿಗೆ. ಫ್ಯಾನ್ ಹಾಕ್ಲಾ?"

"ಬೇಡ. ನಿನ್ನ ಸುಡೊಕು ಹಾರಿಹೋದೀತು. ತೂಕವೇ ಇಲ್ಲ."

ಒಂದು ಅಡ್ಡಸಾಲಿನ ಎರಡು ಮನೆಗಳಲ್ಲಿ ಎರಡೋ ನಾಲ್ಕೋ ಬಿಟ್ಟರೆ ಬೇರೆ ಅಂಕಿಗೆ ಜಾಗವಿರಲಿಲ್ಲ. ಆ ಜೋಡಿಯನ್ನು ಹಿಡಿದು, ಉಳಿದ ಮನೆಗಳಿಂದ ಎರಡನ್ನೂ ನಾಲ್ಕನ್ನೂ ಆಕೆ ಓಡಿಸಿದಳು. ನಡುವೆ ದಾರಿ ಮುಚ್ಚಿಕೊಂಡಿತು. ಆಗ ಕಣ್ಣಿಗೆ ಬಿದ್ದದ್ದು ಒಂಬತ್ತೊಂಬತ್ತು ಮನೆಗಳ ಎರಡು ಚೌಕಗಳಲ್ಲಿ ಹರಡಿದ್ದ ಒಂದು ಆಯತದ ನಾಲ್ಕು ಮೂಲೆಗಳು. ಮೂರು ಮೂಲೆಗಳಲ್ಲಿ ಮೂರೋ ಎಂಟೋ ಮಾತ್ರ ಬರಬಹುದು. ನಾಲ್ಕನೆಯದರಲ್ಲಿ ಮೂರು, ಎಂಟು, ಇಲ್ಲವೇ ಐದು.

"ಇಲ್ಲೂ ಮೂರೋ ಎಂಟೋ ಬಂದ್ರೆ, ನಾಲ್ಕೂ ಕಡೆ ಅದಲು ಬದಲು ಮಾಡಿದ್ರೂ ನಡೆಯತ್ತೆ," ಎಂದು ಸುತ್ತ ನಿಂತವರಿಗೆ ಪಾಠ ಹೇಳಿದಳು. "ಎರಡು ಉತ್ತರ ಆಗ್ಬಿಡತ್ತೆ. ಸುಡೊಕುಗೆ ಇರೋದು ಒಂದೇ ಉತ್ತರ. ಹಾಗಾಗಿ ಐದೇ."

ಐದು ಬಿದ್ದದ್ದೇ ತಡ, ಉಳಿದ ಮನೆಗಳೆಲ್ಲ ಸರಸರನೆ ತುಂಬಿದವು. ಒಂದೇ ಉತ್ತರವೆಂದು ಬರೆದು, ಬಾಲ ಎಳೆದು ಸಹಿ ಹಾಕಿದಳು.

ನಾದಿನಿ ತನ್ನ ರಬ್ಬರ್ ತಂದಳು. ಐದನ್ನೂ ಅದರ ನಂತರ ತುಂಬಿದ್ದನ್ನೂ ಒರೆಸಿ, ಆ ಮೂಲೆಗೆ ಮೂರು ಹಾಕಿ ಎಲ್ಲ ಮನೆ ತುಂಬಿಸಿದಳು. ಎಲ್ಲೂ ತಪ್ಪಿಲ್ಲ. ಮೂಲೆಗಳ ಮೂರನ್ನೂ ಎಂಟನ್ನೂ ಅದಲು ಬದಲು ಮಾಡಿದಳು. ಆಗಲೂ ತಪ್ಪಿಲ್ಲ.

"ಒಂದೇ ಉತ್ತರ ಇದೆಯಾ ಅಂತ ನೋಡಿ ಹೇಳೋಕೇ ನಿಮಗೆ ಸಂಬಳ," ಎಂದಳು. "ನೀವು ಇದೆ ಅಂದ್ಕೊಂಡೇ ಶುರು ಮಾಡಿದ್ರಿ. ಧಾರೆ ಎರೆದ ಮೇಲೆ ಗಂಡಿನ ಗುಣ ವಿಚಾರಿಸಿದ ಹಾಗೆ."

ಯಾರೋ ಕಿಸಕ್ಕೆಂದರು. ಓದುಗರು ಹಾಗೆ ನಂಬಿ ಬಿಡಿಸಬಹುದು. ಆ ನಂಬಿಕೆಗೆ ಜಾಮೀನು ನಿಂತವಳು ತಾನು. ಇದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಅದೇ ಚುಚ್ಚಿದ್ದು. ಸಂಪಾದಕರು ಗಡಿಯಾರ ನೋಡಿಕೊಂಡು ಒಳಗೆ ಹೋದರು.

ಆಕೆ ಚೀಲ ಹೆಗಲಿಗೇರಿಸುವಷ್ಟರಲ್ಲಿ ನಾದಿನಿ ಕುರ್ಚಿಯಲ್ಲಿ ಕುಳಿತಾಗಿತ್ತು. "ಪೆನ್ಸಿಲ್ ಬಿಟ್ಟು ಹೋಗಿ ಅತ್ತಿಗೆ, ಆಫೀಸಿಂದು."

ಚೌಕಾಸಿ ಪೆನ್ಸಿಲಿನ ಮೊನೆಯನ್ನು ಮೇಜಿಗೆ ಒತ್ತಿ ಲಟಕ್ಕನೆ ಮುರಿದು, ಅವಳ ಮುಂದಿಟ್ಟಳು.

"ಇಟ್ಟಿದ್ದೀನಿ. ಸಂಜೆ ಮನೆಗೇ ತಾನೆ ಬರೋದು, ಬಾ. ಅಲ್ಲಿ ನಿನ್ನ ರಬ್ಬರ್ ಸಾಲಲ್ಲ."